ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆಯೇ ತಾನೇ? ಪುಣೆಯಲ್ಲಿ ಬಿ.ಎಡ್. ಓದುತ್ತಿದ್ದೇನೆ, ಪ್ರತಿ ಸಲ ಗೊಂದಲ. ಹೋಂವರ್ಕ್ ತರದ ಹುಡುಗನನ್ನು ತರಗತಿಯ ಹೊರಗೆ ನಿಲ್ಲಿಸಿದರೆ ಅದು ಯಾವುದು?

ಅಲ್ಲ, ಎರಡೂ ಎದುರುಬದುರು. ಪುನರ್ಬಲನ ಯಾವ ಬಗೆಯದಾದರೂ ವರ್ತನೆಯನ್ನು ಹೆಚ್ಚಿಸುತ್ತದೆ, ಶಿಕ್ಷೆ ತಗ್ಗಿಸುತ್ತದೆ. ಹಾಗಾಗಿ ಮೊದಲು ಆ ವರ್ತನೆ ಮುಂದೆ ಹೆಚ್ಚಿತೋ ಕಡಿಮೆಯಾಯಿತೋ ನೋಡಿ. ಕೊಟ್ಟದ್ದೋ (ಧನಾತ್ಮಕ), ತೆಗೆದದ್ದೋ (ಋಣಾತ್ಮಕ) ಎಂಬುದು ಆಮೇಲಿನ ಮಾತು.

ಕಾರಿನಲ್ಲಿ ಬೆಲ್ಟ್ ಹಾಕುವವರೆಗೂ ಬೀಪ್ ಬೀಪ್ ಅನ್ನುತ್ತದೆ, ಹಾಕಿದರೆ ನಿಲ್ಲುತ್ತದೆ, ಮರುದಿನ ಬೇಗ ಹಾಕುತ್ತೀರಿ: ಋಣಾತ್ಮಕ ಪುನರ್ಬಲನ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಚಲನ್ ಬಿದ್ದು ದುಡ್ಡು ಹೋಯಿತು, ವೇಗ ತಗ್ಗಿತು: ಋಣಾತ್ಮಕ ಶಿಕ್ಷೆ. (ಕ್ಯಾಮೆರಾ ದಾಟಿದೊಡನೆ ಮತ್ತೆ ಓಡಿಸುವವರು ಕಲಿತದ್ದು ಕ್ಯಾಮೆರಾ ಇರುವ ಜಾಗವನ್ನು ಮಾತ್ರ.)

ನೀವು ಬರೆದ ಉದಾಹರಣೆ, ಹೋಂವರ್ಕ್ ತರದ ಹುಡುಗನನ್ನು ತರಗತಿಯ ಹೊರಗೆ ನಿಲ್ಲಿಸುವುದು, ನಿಜಕ್ಕೂ ತೊಡಕಿನದು. ಶಿಕ್ಷಕರ ಲೆಕ್ಕದಲ್ಲಿ ಅದು ಶಿಕ್ಷೆ. ಆದರೆ ಹುಡುಗನಿಗೆ ಗಣಿತದ ಪಿರಿಯಡ್ಡೇ ಬೇಡವಾಗಿದ್ದರೆ, ಹೊರಗೆ ನಿಂತಾಗ ಪೀಡೆ ಕಳೆಯಿತು. ಮುಂದಿನ ವಾರವೂ ಅವನು ಹೋಂವರ್ಕ್ ತರುವುದಿಲ್ಲ, ಅಂದರೆ ಆದದ್ದು ಋಣಾತ್ಮಕ ಪುನರ್ಬಲನ. ಹೆಸರನ್ನು ತೀರ್ಮಾನಿಸುವುದು ಪರಿಣಾಮ, ಶಿಕ್ಷಕರ ಉದ್ದೇಶವಲ್ಲ.

ಒಂದೇ ಘಟನೆಯಲ್ಲಿ ಎರಡೂ ಬಗೆಯ ಪುನರ್ಬಲನ ಇರಬಹುದು. ಲಕ್ಷ್ಮೀ ರಸ್ತೆಯಲ್ಲಿ ಮಗು ಆಟಿಕೆಗೆ ರಂಪ ಮಾಡುತ್ತದೆ, ಅಮ್ಮ ಕೊಡಿಸುತ್ತಾಳೆ. ಮಗುವಿಗೆ ಆಟಿಕೆ ಸಿಕ್ಕಿತು, ಧನಾತ್ಮಕ. ಅಮ್ಮನಿಗೆ ರಂಪ ನಿಂತಿತು, ಋಣಾತ್ಮಕ. ಇಬ್ಬರೂ ಮುಂದಿನ ಸಲ ಅದನ್ನೇ ಮಾಡುತ್ತಾರೆ. ಕೊಡಿಸುವುದನ್ನು ನಿಲ್ಲಿಸಿದರೆ ಅಳು ಮೊದಮೊದಲು ಏರುವುದು ಸಾಮಾನ್ಯ. ‘ವಿಲೋಪನ (ಫಲ ನಿಲ್ಲಿಸಿ ವರ್ತನೆಯನ್ನು ಅಳಿಸುವುದು) ಕೆಲಸ ಮಾಡಲಿಲ್ಲ’ ಎಂದು ಹೆಚ್ಚಿನವರು ಸೋಲುವುದು ಇಲ್ಲೇ. ಆ ಹೊತ್ತಿಗೆ ಕೊಡಿಸಿದರೆ, ಇನ್ನೂ ಜೋರಾಗಿ ಅಳಬೇಕು ಎಂದು ನೀವೇ ಕಲಿಸಿದಂತೆ. ನಾಲ್ಕು ಸಲ ಬಿಟ್ಟು ಐದನೆಯ ಸಲ ಕೊಡಿಸುವುದು ಇನ್ನೂ ಕೆಟ್ಟದು, ಆಗೊಮ್ಮೆ ಈಗೊಮ್ಮೆ ಫಲ ಸಿಗುವ ವರ್ತನೆಯೇ ಅಳಿಸಲು ಅತಿ ಕಷ್ಟ.

ಇದೆಲ್ಲ ಮನೋವಿಜ್ಞಾನಿ ಸ್ಕಿನ್ನರ್ ಅವರ ಕ್ರಿಯಾಜನ್ಯ ಅನುಬಂಧನ, ಅಂದರೆ ವರ್ತನೆಯ ಫಲದಿಂದ ಆಗುವ ಕಲಿಕೆ. ರಷ್ಯಾದ ಶರೀರವಿಜ್ಞಾನಿ ಪಾವ್ಲೋವ್ ಅವರ ಶಾಸ್ತ್ರೀಯ ಅನುಬಂಧನವನ್ನು (ಒಂದು ಸಂಕೇತಕ್ಕೂ ಆಹಾರದಂಥದ್ದಕ್ಕೂ ನಂಟು ಬೆಳೆಯುವ ಕಲಿಕೆ) ಇದಕ್ಕೆ ಬೆರೆಸಬೇಡಿ. (ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ, ಅನುಬಂಧನಕ್ಕಲ್ಲ. ಬಹಳ ಗೈಡುಗಳು ಇದನ್ನು ಕಲಸಿಬಿಡುತ್ತವೆ.) ಪಾವ್ಲೋವ್ ಅವರ ಪ್ರಯೋಗದಲ್ಲಿ ನಾಯಿ ಜೊಲ್ಲು ಸುರಿಸಲಿ, ಬಿಡಲಿ, ಆಹಾರ ಬಂದೇ ಬರುತ್ತದೆ. ಸಂಕೇತ (ಗಂಟೆಯ ಸದ್ದಿನಂಥದು) ಆಹಾರಕ್ಕಿಂತ ಸ್ವಲ್ಪ ಮೊದಲು ಬರಬೇಕು, ಆಮೇಲೆ ಬಂದರೆ ಕಲಿಕೆ ತೀರಾ ದುರ್ಬಲ. ಪ್ರಶ್ನೆಯಲ್ಲಿ ಜೊಲ್ಲು, ಭಯ, ಓಕರಿಕೆಯಂಥ ತಾನಾಗಿ ಆಗುವ ಪ್ರತಿಕ್ರಿಯೆ ಕಂಡರೆ ಮೊದಲು ಶಾಸ್ತ್ರೀಯ ಅನುಬಂಧನವನ್ನೇ ಯೋಚಿಸಿ.