ಪ್ರತಿಕ್ರಿಯೆ: ಪೊಲೀಸ್ ಸೇವೆಯಲ್ಲಿದ್ದುಕೊಂಡೇ ಪ್ರಾದೇಶಿಕ ಸೇನೆ ಸೇರುವುದು

ಬೀದರಿನಲ್ಲಿ ಕಾನ್‌ಸ್ಟೇಬಲ್ ಆಗಿರುವ ನೀವು ಪ್ರಾದೇಶಿಕ ಸೇನೆಯ (ಟೆರಿಟೋರಿಯಲ್ ಆರ್ಮಿ, ಅಂದರೆ ಬೇರೆ ಉದ್ಯೋಗದಲ್ಲಿರುವವರು ಅರೆಕಾಲಿಕವಾಗಿ ಸೇವೆ ಸಲ್ಲಿಸುವ ಪಡೆ) ಅಧಿಕಾರಿ ಹುದ್ದೆಗೆ ಹಾಕಿದ ಅರ್ಜಿ ತಿರಸ್ಕೃತವಾಗಿರುವುದಕ್ಕೆ, ನೀವು ಹೇಳುವಂತೆ ಇಲಾಖೆಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತಡವಾದದ್ದಕ್ಕಿಂತ ನಿಮ್ಮ ಈಗಿನ ಉದ್ಯೋಗವೇ ಕಾರಣವಾಗಿರುವ ಸಂಭವ ಹೆಚ್ಚು. ಏಕೆಂದರೆ ಆ ಹುದ್ದೆಗಳು ಬೇರೆ ಉದ್ಯೋಗದಲ್ಲಿರುವ 18ರಿಂದ 42 ವರ್ಷದ ನಾಗರಿಕ ಪದವೀಧರರಿಗಾಗಿದ್ದು, ಸೇವೆಯಲ್ಲಿರುವ ಪೊಲೀಸರೂ ಅರೆಸೇನಾ ಸಿಬ್ಬಂದಿಯೂ ಅರ್ಹರಲ್ಲವೆಂದು ಅಧಿಸೂಚನೆಗಳೇ ಹೇಳುತ್ತವೆ. ಸಂಕಟದ ಹೊತ್ತಿನಲ್ಲಿ ಒಬ್ಬರನ್ನೇ ಎರಡೂ ಕಡೆ ಕರೆಯುವಂತಾಗಬಾರದು, ಆದ್ದರಿಂದ ಈ ನಿಯಮ ನನಗೆ ನ್ಯಾಯವೆಂದೇ ತೋರುತ್ತದೆ.

ಮೊದಲು ತಿರಸ್ಕಾರಕ್ಕೆ ಕೊಟ್ಟ ಕಾರಣವನ್ನು ಅಧಿಸೂಚನೆಯ ಅರ್ಹತಾ ಭಾಗದೊಂದಿಗೆ ಹೋಲಿಸಿ ನೋಡಿ; ಉದ್ಯೋಗವೇ ಕಾರಣವಾಗಿದ್ದರೆ, ನಿರಾಕ್ಷೇಪಣಾ ಪತ್ರಕ್ಕಾಗಿ ಎಸ್‌ಪಿ ಕಚೇರಿಗೆ ಕೊಟ್ಟಿರುವ ಮನವಿಯನ್ನು ಲಿಖಿತವಾಗಿ ಹಿಂಪಡೆಯಿರಿ. ನಂತರ, ವಯಸ್ಸು 25ರೊಳಗಿದ್ದು ಅವಿವಾಹಿತರಾಗಿದ್ದರೆ, ಕಚೇರಿಯ ಮುಖ್ಯಸ್ಥರಿಗೆ ಬರಹದಲ್ಲಿ ತಿಳಿಸಿ ಸೇನಾಧಿಕಾರಿಗಳ ಆಯ್ಕೆಗೆ ಯುಪಿಎಸ್‌ಸಿ ನಡೆಸುವ ಸಿಡಿಎಸ್ ಪರೀಕ್ಷೆಗೆ ಅರ್ಜಿ ಸಲ್ಲಿಸಬಹುದು. ಆಯ್ಕೆಯಾದರೆ ಪೊಲೀಸ್ ಹುದ್ದೆಯನ್ನು ಬಿಡಬೇಕಾಗುತ್ತದೆ.