ಫೋಟೋ ನೋಡಿ ಬಿಡಿಸಿದ ಚಿತ್ರ ಮಾರಬಹುದಾ? ಮಿಕ್ಕಿ ಮಗ್ ಮಾಡಬಹುದಾ?

ನೆಟ್‌ನಲ್ಲಿ ಸಿಕ್ಕ ಫೋಟೋ ನೋಡಿ ಬಿಡಿಸಿದ ಹುಲಿಯ ಪ್ರಿಂಟ್ ಮಾರಬಹುದಾ, ಮಿಕ್ಕಿ ಮೌಸ್ ಇರುವ ಮಗ್ ಮಾಡಬಹುದಾ, ನಿಮ್ಮ ಚಿತ್ರಗಳಿಗೆ ಟ್ರೇಡ್‌ಮಾರ್ಕ್ (ವ್ಯಾಪಾರದ ಗುರುತಿನ ಮೇಲಿನ ಹಕ್ಕು) ಬೇಕಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು '30 ಪರ್ಸೆಂಟ್ ಬದಲಿಸಿದರೆ ಸಾಕು' ಎಂದಿದ್ದಾರೆ. ದಯವಿಟ್ಟು ನಂಬಬೇಡಿ. ಕಾಪಿರೈಟ್, ಅಂದರೆ ಕೃತಿ ಮಾಡಿದವರಿಗೆ ಅದರ ಮೇಲಿರುವ ಹಕ್ಕು, ಅದರ ಕಾನೂನಿನಲ್ಲಿ ಅಂಥ ಲೆಕ್ಕವೇ ಇಲ್ಲ. ನೀವು ಎಷ್ಟು ಬದಲಿಸಿದಿರಿ ಅನ್ನುವುದಕ್ಕಿಂತ ಮೂಲದಿಂದ ಏನು ತೆಗೆದುಕೊಂಡಿರಿ ಅನ್ನುವುದೇ ಮುಖ್ಯ.

ಹುಲಿ ಯಾರ ಸ್ವತ್ತೂ ಅಲ್ಲ. ನೀರು ಕುಡಿಯುವ ಹುಲಿಯನ್ನು ಬಿಡಿಸುವ ಯೋಚನೆಯೂ ಯಾರದ್ದೂ ಅಲ್ಲ. ಆದರೆ ಆ ಫೋಟೋದಲ್ಲಿರುವ ಕೋನ, ಬೆಳಕು, ಚೌಕಟ್ಟು, ಹುಲಿ ತಲೆ ಎತ್ತಿದ ಆ ಕ್ಷಣ, ಇವೆಲ್ಲ ಒಟ್ಟಾಗಿ ಫೋಟೋಗ್ರಾಫರ್ ಅವರ ಕೆಲಸ. ಅದನ್ನು ಹಾಗೇ ಕ್ಯಾನ್ವಾಸಿಗೆ ಇಳಿಸಿದರೆ, ಜಲವರ್ಣದಲ್ಲಿ ಮಾಡಿದರೂ ಅದು ಅವರ ಕೃತಿಯ ರೂಪಾಂತರ. ಅನುಮತಿ ಬೇಕು. ಕೆಳಗೆ ಅವರ ಹೆಸರು ಹಾಕುವುದು ಒಳ್ಳೆಯದೇ, ಆದರೆ ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ.

ದೊಡ್ಡ ಕಲಾವಿದರಿಗೂ ಇದು ತಪ್ಪಿಲ್ಲ. ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ಗಾಯಕ ಪ್ರಿನ್ಸ್ ಅವರ ಫೋಟೋ ತೆಗೆದಿದ್ದರು. ಒಂದು ಪತ್ರಿಕೆ ಒಂದೇ ಸಲ ಬಳಸಲು ಅನುಮತಿ ಪಡೆದು, ಅದನ್ನು ಆಧರಿಸಿ ಅಮೆರಿಕದ ಹೆಸರಾಂತ ಕಲಾವಿದ ಆಂಡಿ ವಾರ್ಹಾಲ್ ಅವರಿಂದ ಚಿತ್ರ ಮಾಡಿಸಿತು. ವಾರ್ಹಾಲ್ ಅಲ್ಲಿಗೇ ನಿಲ್ಲಿಸದೆ ಅದರ ಮೇಲೆ ಒಂದು ಸರಣಿಯನ್ನೇ ಮಾಡಿದರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಆ ಸರಣಿಯ ಇನ್ನೊಂದು ಚಿತ್ರ ಪತ್ರಿಕೆಯ ಮುಖಪುಟಕ್ಕೆ ಹೋಯಿತು. ಫೋಟೋಗ್ರಾಫರ್‌ಗೆ ಹಣವೂ ಇಲ್ಲ, ಹೆಸರೂ ಇಲ್ಲ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಎರಡೂ ಚಿತ್ರಗಳ ಉದ್ದೇಶ ಒಂದೇ, ಪತ್ರಿಕೆಗೆ ಪ್ರಿನ್ಸ್ ಅವರ ಮುಖ ಒದಗಿಸುವುದು. ಹಾಗಿರುವಾಗ ಹೊಸ ಶೈಲಿ ಅನ್ನುವ ಒಂದೇ ಕಾರಣ ಸಾಲದು ಎಂದಿತು. ನನಗೆ ಈ ತೀರ್ಪು ನ್ಯಾಯ ಅನ್ನಿಸುತ್ತದೆ. ನಮ್ಮ ಗುಂಪಿನಲ್ಲಿ ಫೋಟೋ ತೆಗೆಯುವವರೂ ಇದ್ದಾರೆ, ಅಲ್ವಾ?

ಹಾಗಾಗಿ ಮಾರುವ ಚಿತ್ರಕ್ಕೆ ನಿಮ್ಮದೇ ಫೋಟೋ ಬಳಸಿ. ಅಥವಾ ನಾಲ್ಕೈದು ಫೋಟೋ ನೋಡಿ ಮೈಕಟ್ಟು ಅರ್ಥ ಮಾಡಿಕೊಂಡು, ಭಂಗಿ ಮತ್ತು ಬೆಳಕನ್ನು ನೀವೇ ಕಟ್ಟಿ. ಕ್ರಿಯೇಟಿವ್ ಕಾಮನ್ಸ್ ಫೋಟೋ (ಕೆಲವು ಷರತ್ತುಗಳೊಂದಿಗೆ ಎಲ್ಲರೂ ಬಳಸಲು ಮೊದಲೇ ಅನುಮತಿ ಕೊಟ್ಟದ್ದು) ಆದರೆ ಲೈಸೆನ್ಸ್ ಪೂರ್ತಿ ಓದಿ. ಎನ್‌ಸಿ ಅಂತಿದ್ದರೆ ವ್ಯಾಪಾರಕ್ಕಿಲ್ಲ, ಎನ್‌ಡಿ ಅಂತಿದ್ದರೆ ಬದಲಿಸಿದ್ದನ್ನು ಹಂಚುವಂತಿಲ್ಲ. ಸಿಸಿ ಜೀರೋ ಆದರೆ ಫೋಟೋಗ್ರಾಫರ್ ತಮ್ಮ ಹಕ್ಕು ಬಿಟ್ಟಿದ್ದಾರೆ ಅಂತ. ಇಷ್ಟವಾದ ಫೋಟೋ ಒಂದೇ ಇದ್ದರೆ ಅವರಿಗೇ ಮೆಸೇಜ್ ಮಾಡಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಮಿಕ್ಕಿ ವಿಷಯದಲ್ಲಿ ಎರಡು ಕಾನೂನು ಒಟ್ಟಿಗೆ ಬರುತ್ತವೆ. ಕಾಪಿರೈಟ್‌ಗೆ ಕೊನೆ ಇದೆ. ಕಾಪಿರೈಟ್ ಬಗ್ಗೆ ದೇಶಗಳು ಸೇರಿ ಮಾಡಿಕೊಂಡ ಬರ್ನ್ ಒಪ್ಪಂದದ ಪ್ರಕಾರ ಸಾಮಾನ್ಯವಾಗಿ ಕಲಾವಿದರ ಜೀವನ ಮತ್ತು ಆಮೇಲೆ ಕನಿಷ್ಠ 50 ವರ್ಷ. ಭಾರತದಲ್ಲಿ ಅದು 60, ಯುರೋಪ್ ಒಕ್ಕೂಟದಲ್ಲಿ 70. ಅಮೆರಿಕದಲ್ಲಿ ಹಳೆಯ ಕೃತಿಗಳ ಲೆಕ್ಕ ಬೇರೆ. ಅಲ್ಲಿ 1928ರ ಕಪ್ಪು ಬಿಳುಪು ಮಿಕ್ಕಿಯ ಕಾಪಿರೈಟ್ 2024ರ ಜನವರಿ 1ಕ್ಕೆ ಮುಗಿಯಿತು. ಆ ರೂಪ ಮಾತ್ರ, ಅದೂ ಆ ದೇಶದಲ್ಲಿ. ಟ್ರೇಡ್‌ಮಾರ್ಕ್ ಹಾಗಲ್ಲ. ಬಳಸುತ್ತ, ನವೀಕರಿಸುತ್ತ ಇದ್ದರೆ ಅದಕ್ಕೆ ಕೊನೆಯೇ ಇಲ್ಲ. ಅದು ಕೇಳುವ ಪ್ರಶ್ನೆಯೂ ಬೇರೆ: ಈ ಮಗ್ ಡಿಸ್ನಿ ಕಂಪನಿಯದ್ದೇ ಎಂದು ಕೊಳ್ಳುವವರು ತಪ್ಪು ತಿಳಿಯುತ್ತಾರಾ? ಮಗ್, ಟೀ ಶರ್ಟ್ ಮೇಲೆ ಆ ಗೊಂದಲ ಬಲು ಸುಲಭ. ನಾನಾದರೆ ಮಾಡಲ್ಲ.

ನಿಮ್ಮ ಚಿತ್ರಗಳಿಗೆ ಕಾಪಿರೈಟ್ ಈಗಾಗಲೇ ಇದೆ. ಬರ್ನ್ ಒಪ್ಪಂದ ಒಪ್ಪಿದ ದೇಶಗಳಲ್ಲಿ ಚಿತ್ರ ಬಿಡಿಸಿದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಟ್ರೇಡ್‌ಮಾರ್ಕ್ ಬೇಕಾದರೆ ಅದನ್ನು ನೀವು ಮಾರುವ ಹೆಸರಿಗೆ, ಲೋಗೋಗೆ ಮಾಡಿಸಿ. ಒಂದೊಂದು ಚಿತ್ರಕ್ಕೂ ಮಾಡಿಸುವುದು ಸುಮ್ನೆ ಖರ್ಚು. ಗೋಡೆ ಚಿತ್ರಗಳಿಗೆ ಹೆಸರಾದ ಕಲಾವಿದ ಬ್ಯಾಂಕ್ಸಿ ತಮ್ಮ ಹೂ ಎಸೆಯುವವನ ಚಿತ್ರವನ್ನು ಯುರೋಪಿನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿದ್ದರು. ಗ್ರೀಟಿಂಗ್ ಕಾರ್ಡ್ ಕಂಪನಿಯೊಂದು ಪ್ರಶ್ನಿಸಿದಾಗ, ನಿಜಕ್ಕೂ ವ್ಯಾಪಾರದ ಗುರುತಾಗಿ ಬಳಸುವ ಉದ್ದೇಶ ಇರಲಿಲ್ಲ ಎಂದು 2020ರಲ್ಲಿ ಅದು ರದ್ದಾಯಿತು.

ಇನ್ನೊಂದು ಮಾತು, ನೀವು ಕೇಳಿಲ್ಲ ಆದರೂ. ಮೂಲ ಚಿತ್ರ ಮಾರಿದರೆ ಕ್ಯಾನ್ವಾಸ್ ಹೋಗುತ್ತದೆ, ಪ್ರಿಂಟ್ ಹಾಕುವ ಹಕ್ಕು ಸಾಮಾನ್ಯವಾಗಿ ನಿಮ್ಮಲ್ಲೇ ಉಳಿಯುತ್ತದೆ. ಆರ್ಡರ್ ಕೊಟ್ಟು ಬರೆಸಿದ ಚಿತ್ರಕ್ಕೆ ಮಾತ್ರ ಜಾಗ್ರತೆ. ಭಾರತದಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಬರೆಸಿದವರೇ ಅದರ ಮೊದಲ ಹಕ್ಕುದಾರರು. ಆದ್ದರಿಂದ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ 'ಕಾಪಿರೈಟ್ ಕಲಾವಿದರದ್ದು' ಎಂದು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಸ್ಕೆಚ್, ಅರ್ಧ ಮುಗಿದ ಹಂತದ ಫೋಟೋ, ಲೇಯರ್ ಇರುವ ಫೈಲ್ ಯಾವುದನ್ನೂ ಅಳಿಸಬೇಡಿ. ಯಾರಾದರೂ ಕದ್ದು ಹಾಕಿದಾಗ, ತೆಗೆಸಲು ದೂರು ಕೊಡುವ ಮೊದಲು ಆ ಪೇಜಿನ ಸ್ಕ್ರೀನ್‌ಶಾಟ್ ಹಿಡಿದಿಡಿ. ಅವರು ಅಳಿಸಿಬಿಟ್ಟರೆ ನಿಮ್ಮ ಬಳಿ ತೋರಿಸಲು ಏನೂ ಇರಲ್ಲ.