ಮಡಿಕೇರಿಯಲ್ಲಿ ಚೈನೀಸ್ ಊಟ ಹೇಗಿರುತ್ತದೆ? ಮನೆಮಂದಿ ಜೊತೆ ಹೋಗಬಹುದಾ?

ದಾವಣಗೆರೆಯಿಂದ ಬರುತ್ತಿದ್ದೀರಿ, ಮಕ್ಕಳಿಗೆ ನೂಡಲ್ಸ್ ಬೇಕು, ಅಪ್ಪ-ಅಮ್ಮ ಮಾಂಸ ಮುಟ್ಟುವುದಿಲ್ಲ, ಮಡಿಕೇರಿಯ ಚೈನೀಸ್ ಹೋಟೆಲ್‌ಗಳಲ್ಲಿ ರುಚಿ ಮತ್ತು ಸರ್ವಿಸ್ ಹೇಗೆ ಅಂತ ಕೇಳಿದ್ದೀರಿ. ಧೈರ್ಯವಾಗಿ ಹೋಗಿ. ಶನಿವಾರ ರಾತ್ರಿ ಮಾತ್ರ ಬೇಡ. ನಮ್ಮೂರಲ್ಲಿ ಯಾವ ಹೋಟೆಲ್ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಹೋಗುತ್ತೀರಿ ಅನ್ನುವುದೇ ಮುಖ್ಯ.

ಕಾರಣ ಅಡುಗೆಮನೆಯಲ್ಲಿದೆ. ಫ್ರೈಡ್ ರೈಸ್, ಹಕ್ಕಾ ನೂಡಲ್ಸ್ ಇವೆಲ್ಲ ಜೋರು ಉರಿಯಲ್ಲಿ ಆಗಬೇಕು. ಚೆನ್ನಾಗಿ ಕಾದ ಬಾಣಲೆಗೆ ಒಂದೆರಡು ಪ್ಲೇಟಿನಷ್ಟು ಹಾಕಿ, ಎತ್ತೆತ್ತಿ ತಿರುವಿ, ತಕ್ಷಣ ಇಳಿಸಬೇಕು. ಐದಾರು ಪ್ಲೇಟಿನದ್ದನ್ನು ಒಟ್ಟಿಗೆ ಸುರಿದರೆ ಬಾಣಲೆಯ ಕಾವು ಇಳಿಯುತ್ತದೆ, ಎಲೆಕೋಸು ನೀರು ಬಿಡುತ್ತದೆ, ಅನ್ನ ಹುರಿಯುವುದಿಲ್ಲ, ಮುದ್ದೆಯಾಗುತ್ತದೆ. ಇಲ್ಲಿನ ಸಣ್ಣ ಹೋಟೆಲ್‌ಗಳಲ್ಲಿ ಅಂಥ ಒಲೆ ಇರುವುದು ಒಂದೋ ಎರಡೋ. ಬೆಂಗಳೂರಿನ ಕಾರುಗಳು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ ಒಟ್ಟಿಗೇ ಊಟಕ್ಕೆ ಇಳಿದಾಗ ಭಟ್ಟರಿಗೆ ಎರಡೇ ದಾರಿ: ನಿಮ್ಮನ್ನು ಕಾಯಿಸುವುದು, ಇಲ್ಲವೇ ಬಾಣಲೆ ತುಂಬುವುದು. ಹೆಚ್ಚಿನವರು ಬಾಣಲೆ ತುಂಬುತ್ತಾರೆ.

ಒಂದು ದಸರಾಕ್ಕೆ, ಊರಿನ ಹತ್ತು ದೇವಸ್ಥಾನಗಳ ಮಂಟಪಗಳು, ಅಂದರೆ ದಶಮಂಟಪಗಳು, ಮೆರವಣಿಗೆ ಹೊರಡುವ ರಾತ್ರಿ, ಊರಿಗೆ ಬಂದಿದ್ದ ನೆಂಟರನ್ನು ಕರೆದುಕೊಂಡು ಪೇಟೆಯ ಒಂದು ಹೋಟೆಲಿಗೆ ಹೋಗಿದ್ದೆವು. ಸೂಪ್ ಬಂದಿದ್ದು ನೂಡಲ್ಸ್ ಮುಗಿದ ಮೇಲೆ. ನೂಡಲ್ಸ್ ಅಂಟಿಕೊಂಡಿತ್ತು, ಮೇಲೆ ಎಣ್ಣೆ, ಒಳಗೆ ತಣ್ಣಗೆ. ಬಡಿಸುವ ಹುಡುಗನನ್ನು ಬೈದು ಏನು ಪ್ರಯೋಜನ? ಪಾಪ, ಎಂಟು ಟೇಬಲ್ ಅವನೊಬ್ಬನ ತಲೆ ಮೇಲೆ. ಅದೇ ಹೋಟೆಲಿಗೆ ಒಂದು ಮಂಗಳವಾರ ಮಧ್ಯಾಹ್ನ ಹೋದಾಗ ಮೊಟ್ಟೆ ಫ್ರೈಡ್ ರೈಸ್ ಉದುರುದುರಾಗಿ, ಹೊಗೆಯಾಡುತ್ತಾ ಬಂತು. ನೀರು ಮುಗಿಯುವ ಮೊದಲೇ ಜಗ್ ತುಂಬಿಸಿದರು. ಹಾಗಾಗಿ ವಾರದ ದಿನ ಬನ್ನಿ. ಶನಿವಾರವೇ ಬರಬೇಕಾದರೆ ಸಂಜೆ ಏಳರೊಳಗೆ ಕೂತುಬಿಡಿ.

ಇನ್ನು ರುಚಿ. ಚೀನಾದ ರುಚಿಯನ್ನು ಹುಡುಕಬೇಡಿ, ಅದು ಇಲ್ಲಿಲ್ಲ. ನಾವು ಚೈನೀಸ್ ಅಂತ ತಿನ್ನುವುದು ಕೋಲ್ಕತ್ತಾದ ಹಕ್ಕಾ ಚೀನಿಯರ ಕೈಯಲ್ಲಿ ಭಾರತದ ನಾಲಿಗೆಗೆ ಒಗ್ಗಿದ ಅಡುಗೆ. ಮಂಚೂರಿಯನ್ ಅಂತೂ ಚೀನಾದಲ್ಲಿ ಹುಟ್ಟಿದ್ದೇ ಅಲ್ಲ. 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನಲ್ಲಿ ಅಡುಗೆ ಮಾಡುತ್ತಿದ್ದ ನೆಲ್ಸನ್ ವಾಂಗ್ ಅದನ್ನು ಮೊದಲು ಮಾಡಿದರು ಅಂತಾರೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ನಮ್ಮದೇ, ಸೋಯಾ ಸಾಸ್ ಮಾತ್ರ ಅವರದು.

ಕೊಡಗಿನಲ್ಲಿ ನಿಜವಾಗಿ ಗೆಲ್ಲುವುದು ಪೋರ್ಕ್. ಪಂದಿಕರಿ, ಅಂದರೆ ಕೊಡವರ ಹಂದಿಮಾಂಸದ ಸಾರು, ತಿಂದು ಬೆಳೆದ ಊರು ಇದು. ಕೊಬ್ಬು, ಚರ್ಮ ಎಷ್ಟಿರಬೇಕು, ತುಂಡು ಎಷ್ಟು ಬೇಯಬೇಕು ಅಂತ ಇಲ್ಲಿನ ಗಿರಾಕಿಗೆ ಚೆನ್ನಾಗಿ ಗೊತ್ತು. ರಬ್ಬರಿನಂಥ ತುಂಡು ಬಡಿಸಿದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ಚಿಲ್ಲಿ ಪೋರ್ಕ್ ಡ್ರೈ ಬಹುಮಟ್ಟಿಗೆ ಕೈಕೊಡುವುದಿಲ್ಲ. ಪಂದಿಕರಿಗೆ ಹಾಕುವ ಕಾಚಂಪುಳಿಯ (ಹಣ್ಣಿನ ರಸ ಕಾಯಿಸಿ ಮಾಡಿದ ಕಪ್ಪು ಹುಳಿ) ಹುಳಿ ಇದರಲ್ಲಿ ಇರುವುದಿಲ್ಲ, ಅದು ಬೇಕಾದರೆ ಮಾರನೇ ದಿನ ಕಡಂಬುಟ್ಟು (ಹಬೆಯಲ್ಲಿ ಬೆಂದ ಅಕ್ಕಿ ಉಂಡೆ), ಪಂದಿಕರಿ ತಿನ್ನಿ. ಗ್ರೇವಿ ಐಟಂಗಳು ನನಗೆ ಅಷ್ಟಕ್ಕಷ್ಟೇ. ಚಿಕನ್, ಪನೀರ್, ಗೋಬಿ ಎಲ್ಲಕ್ಕೂ ಅದೇ ಕಾರ್ನ್‌ಫ್ಲೋರ್ ಹಾಕಿದ ಕಂದು ಸಾರು, ಅಲ್ವಾ?

ಅಪ್ಪ-ಅಮ್ಮನ ವಿಷಯ ಮೊದಲೇ ಕೇಳಿ ಬಗೆಹರಿಸಿಕೊಳ್ಳಿ. ಮೆನುವಿನಲ್ಲಿ ವೆಜ್ ಅಂತ ಇದ್ದರೆ ಸಾಲದು. ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕುತ್ತೀರಾ? ಆಯ್ಸ್ಟರ್ ಸಾಸ್ ಬಳಸುತ್ತೀರಾ? ಅದು ಸಿಂಪಿಯ ರಸದ್ದು, ನೋಡಲು ಸೋಯಾ ಥರವೇ ಇರುತ್ತದೆ. ವೆಜ್‌ಗೆ ಬೇರೆ ಬಾಣಲೆ ಇದೆಯಾ? ಈ ಮೂರು ಕೇಳಿ. ಬಾಣಲೆ ಒಂದೇ ಅಂದರೆ, ಅದರಲ್ಲಿ ಹಿಂದಿನ ಸರದಿ ಪೋರ್ಕಿನದ್ದೇ ಆಗಿರುವ ಸಾಧ್ಯತೆ ಇಲ್ಲಿ ಜಾಸ್ತಿ. ಮಡಿಯವರಾದರೆ ಅವರಿಗೆ ಶುದ್ಧ ಸಸ್ಯಾಹಾರಿ ಹೋಟೆಲೇ ವಾಸಿ, ಸುಮ್ನೆ ಮುಜುಗರ ಬೇಡ.

ಮಕ್ಕಳು ಗೋಬಿ ಮಂಚೂರಿ ಕೇಳಿದರೆ ಬಣ್ಣ ನೋಡಿ. ಕೃತಕ ಬಣ್ಣ ಹಾಕುವುದನ್ನು 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ನಿಷೇಧಿಸಿದೆ. ಕಂದು ಬಣ್ಣದ ಗೋಬಿ ಬಂದರೆ ತಿನ್ನಲಿ. ಬೆರಳಿಗೆ ಕೆಂಪು ಹತ್ತುತ್ತಿದ್ದರೆ ವಾಪಸ್ ಕಳಿಸಿ. ನೀವು ಕುಶಾಲನಗರದ ಆಚೆ, ಟಿಬೆಟಿಯನ್ನರು ನೆಲೆಸಿರುವ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲಿಗೂ ಹೋಗುವವರಾದರೆ, ಮಕ್ಕಳ ನೂಡಲ್ಸ್ ಆಸೆಯನ್ನು ಅಲ್ಲೇ ತೀರಿಸಬಹುದು. ಅಲ್ಲಿ ಸಿಗುವ ಥುಕ್ಪಾ ಅನ್ನುವ ನೂಡಲ್ಸ್ ಸೂಪ್ ಟಿಬೆಟಿಯನ್ನರದ್ದು, ಚೈನೀಸ್ ಅಲ್ಲ. ಖಾರ ಕಡಿಮೆ, ಬಿಸಿಬಿಸಿ, ಮಳೆಗಾಲದಲ್ಲಿ ಅದರ ಮುಂದೆ ಯಾವ ಸೂಪೂ ನಿಲ್ಲುವುದಿಲ್ಲ.

ಬಿಲ್ಲನ್ನೂ ಒಮ್ಮೆ ಓದಿ. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ 5%. ರೂಮಿನ ಬಾಡಿಗೆ ದಿನಕ್ಕೆ 7500 ರೂಪಾಯಿಗಿಂತ ಹೆಚ್ಚಿರುವ ರೆಸಾರ್ಟುಗಳಲ್ಲಿ ಊಟಕ್ಕೂ 18% ಬೀಳುತ್ತದೆ, ಅದು ಮೋಸವಲ್ಲ. ಸರ್ವಿಸ್ ಚಾರ್ಜ್ ಅಂತ ಬೇರೆ ಸೇರಿಸಿದ್ದರೆ ಮಾತ್ರ ತೆಗೆಯಲು ಹೇಳಬಹುದು. ನಿಮ್ಮನ್ನು ಕೇಳದೆ ಅದನ್ನು ಬಿಲ್ಲಿಗೆ ಹಾಕಬಾರದು ಅಂತ 2022ರಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ. ಆ ದುಡ್ಡನ್ನು ಬಡಿಸಿದ ಹುಡುಗನ ಕೈಗೇ ಕೊಡಿ.